ಮಣ್ಣಲ್ಲಿ ಮಣ್ಣಾದ ಕೋಟೆಗಳು: ಜಗಳೂರು ಸೀಮೆಯ ಒಂದು ಅವಲೋಕನ

ಕೋಟೆಯೆಂದೊಡನೆ ನಮ್ಮ ಸೀಮೆಯ ಜನರ ಕಣ್ಣೆದುರು ಬಂದು ನಿಲ್ಲುವುದು ಚಿತ್ರದುರ್ಗದ ಏಳು ಸುತ್ತಿನ ಕಲ್ಲಿನ ಕೋಟೆ. ಪಶ್ಚಿಮಕ್ಕೆ ತಿರುಗಿದರೆ ಪಾಂಡ್ಯ ಅರಸರು ನೊಳಂಬವಾಡಿಯನ್ನಾಳಿದ ಉಚ್ಚಂಗಿದುರ್ಗ. ಇವುಗಳ ಬಂಡೆಯೂ ಬಾಗಿಲೂ ಬತೇರಿಯೂ ಇಂದಿಗೂ ನಿಂತಿವೆ. ಇವುಗಳನ್ನು ಕುರಿತು ಗ್ರಂಥಗಳಿವೆ, ಲಾವಣಿಗಳಿವೆ, ಯಾತ್ರಿಕರ ನೆರವಿಯೂ ಇದೆ. ಆದರೆ ಈ ಎರಡು ಗಿರಿದುರ್ಗಗಳ ನಡುವಣ ಬಯಲಿನಲ್ಲಿ ನೂರಾರು ವರ್ಷ ಒಕ್ಕಲುತನ ಮಾಡಿ ಬಾಳಿದ ಹಳ್ಳಿಗಳ ಜನಕ್ಕೆ ಆಪತ್ತಿನ ದಿನ ಆಸರೆಯಾದದ್ದು ಈ ಕಲ್ಲಿನ ಕೋಟೆಗಳಲ್ಲ. ಬೆಟ್ಟದ ಮೇಲಿನ ದುರ್ಗ ದೊರೆಯನ್ನು ಕಾಯಿತು; ಬಯಲಿನ ಊರನ್ನು ಕಾದದ್ದು ಮಣ್ಣಿನ ಗೋಡೆ, ಮರದ ಬಾಗಿಲು ಮತ್ತು ಮುಳ್ಳಿನ ಬೇಲಿ. ಆ ಕೋಟೆಗಳು ಇಂದು ಬಹುಮಟ್ಟಿಗೆ ಮಣ್ಣಲ್ಲಿ ಮಣ್ಣಾಗಿವೆ. ಉಳಿದಿರುವ ಅಲ್ಪಸ್ವಲ್ಪವೂ ನಮ್ಮ ಕಾಲದಲ್ಲಿಯೇ ಅಳಿಯುತ್ತಿದೆ. ಆದುದರಿಂದ ಅವುಗಳನ್ನು ಕುರಿತು ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದು ಅಗತ್ಯವೆಂದು ತೋರಿತು.

ಶಾಸ್ತ್ರಗ್ರಂಥಗಳಲ್ಲಿ ಮಣ್ಣು ಮತ್ತು ಮರ

ಮಣ್ಣಿನ ಕೋಟೆಯೆಂದರೆ ಬಡವರ ಕೈಲಾಗದ ಕೆಲಸವೆಂದು ಭಾವಿಸುವುದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ದುರ್ಗಗಳ ಒಂಬತ್ತು ಬಗೆಗಳನ್ನು ಎಣಿಸಲಾಗಿದೆ. ಜಲದುರ್ಗ, ಗಿರಿದುರ್ಗ, ವನದುರ್ಗ, ಮರುದುರ್ಗ ಮುಂತಾದವುಗಳ ಜೊತೆಯಲ್ಲಿಯೇ ಕಲ್ಲಿನ ಪಾಷಾಣದುರ್ಗ, ಇಟ್ಟಿಗೆಯ ಇಷ್ಟಿಕಾದುರ್ಗ, ಮಣ್ಣಿನ ಮೃತ್ತಿಕಾದುರ್ಗ ಮತ್ತು ಮರದ ದಾರುದುರ್ಗಗಳಿಗೂ ಅಲ್ಲಿ ಸ್ಥಾನವುಂಟು. ಕೆಲವೇ ದಶಕಗಳ ಬಳಿಕ ಬಸವಾದಿ ಶರಣರಿಂದ ಲೋಕಪ್ರಸಿದ್ಧವಾದ ಅದೇ ಕಲ್ಯಾಣದ ಆಸ್ಥಾನದಲ್ಲಿ ಮಣ್ಣು ಮತ್ತು ಮರಗಳ ಕೋಟೆ ರಾಜನೀತಿಯ ಒಂದು ಅಂಗವೆಂದು ಗಣನೆಗೆ ಬಂದಿತ್ತೆಂಬುದನ್ನು ಇದು ತಿಳಿಸುತ್ತದೆ.

ಇದಕ್ಕೂ ಬಹು ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯ ವಿಸ್ತಾರವಾಗಿ ಬಂದಿದೆ. ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆತದ್ದು ಕನ್ನಡನಾಡಿನ ಹೆಮ್ಮೆ. ಕಂದಕದಿಂದ ತೆಗೆದ ಮಣ್ಣನ್ನೇ ಒಡ್ಡಾಗಿ ಹಾಕಬೇಕು, ಆನೆ ಎತ್ತುಗಳಿಂದ ತುಳಿಸಿ ಗಟ್ಟಿಗೊಳಿಸಬೇಕು, ಅದರ ಮೇಲೆ ಮುಳ್ಳಿನ ಪೊದೆಗಳನ್ನೂ ವಿಷದ ಬಳ್ಳಿಗಳನ್ನೂ ಬೆಳೆಸಬೇಕು ಎಂಬುದು ಕೌಟಿಲ್ಯನ ವಿಧಿ. ಪ್ರಾಕಾರವನ್ನು ಮಾತ್ರ ಮರದಿಂದ ಕಟ್ಟಲಾಗದು, ಮರದಲ್ಲಿ ಬೆಂಕಿ ಅಡಗಿ ಕುಳಿತಿರುತ್ತದೆ ಎಂದು ಆತ ಎಚ್ಚರಿಸುತ್ತಾನೆ. ಆದರೆ ಮೌರ್ಯರ ರಾಜಧಾನಿ ಪಾಟಲೀಪುತ್ರಕ್ಕೇ ಮರದ ಪ್ರಾಕಾರವಿತ್ತೆಂದೂ, ಅದಕ್ಕೆ 570 ಬುರುಜುಗಳೂ 64 ಬಾಗಿಲುಗಳೂ ಇದ್ದವೆಂದೂ ಗ್ರೀಕ್ ರಾಯಭಾರಿ ಮೆಗಾಸ್ತನೀಸನ ಬರೆಹದಿಂದ ತಿಳಿದುಬರುತ್ತದೆ. ಪಟ್ನಾದ ಬುಲಂದಿಬಾಗ್‌ನಲ್ಲಿ ನಡೆದ ಉತ್ಖನನದಲ್ಲಿ ಆ ಮರದ ದಿಮ್ಮಿಗಳ ಸಾಲು ನೆಲದಡಿಯಲ್ಲಿ ಕಾಣಿಸಿಕೊಂಡಿತು.

ಈ ಎರಡು ಮತಗಳ ನಡುವೆ ನಮ್ಮ ಹಳ್ಳಿಯ ಕೋಟೆ ತನ್ನದೇ ಆದ ಹದವನ್ನು ಕಂಡುಕೊಂಡಿತು. ಗೋಡೆಗೆ ಮಣ್ಣು, ಮಣ್ಣಿನಿಂದ ಆಗದ ಕಡೆ ಮರ. ಬಾಗಿಲು, ಅಗುಳಿ, ಏಣಿ, ಅಟ್ಟ, ಮಾಳಿಗೆಯ ತೊಲೆ ಮತ್ತು ಜಂತೆ, ಇವಿಷ್ಟೂ ಮರದ ಪಾಲಿಗೆ ಬಂದವು.

ಗಡಿನಾಡಿನ ಬಾಳು

ಜಗಳೂರು ಸೀಮೆಯ ಭೂಗೋಳವನ್ನು ಅರಿತರೆ ಇಲ್ಲಿಯ ಊರುಗಳಿಗೆ ಕೋಟೆ ಏಕೆ ಬೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ. ವಿಜಯನಗರದ ಪತನಾನಂತರ ಈ ಭಾಗದಲ್ಲಿ ಪಾಳೆಯಗಾರರು ತಲೆಯೆತ್ತಿದರು. ದಕ್ಷಿಣಕ್ಕೆ ಚಿತ್ರದುರ್ಗದ ನಾಯಕರು, ವಾಯವ್ಯಕ್ಕೆ ಹರಪನಹಳ್ಳಿಯವರು, ಈಶಾನ್ಯಕ್ಕೆ ಗುಡೇಕೋಟೆ ಮತ್ತು ಜರಿಮಲೆಯವರು, ಪೂರ್ವಕ್ಕೆ ರಾಯದುರ್ಗದವರು. ಇವರೆಲ್ಲರ ಗಡಿಗಳ ನಡುವೆ ಸಿಕ್ಕ ಬಯಲು ಇದು. ಗಡಿ ಸರಿದಾಗಲೆಲ್ಲ ಮೊದಲು ಉರಿದದ್ದು ಹಳ್ಳಿಯ ಬಣವೆ. ಮೊದಲು ಹೋದದ್ದು ದನದ ಹಿಂಡು.

ಈ ಸಂಕಟ ಪಾಳೆಯಗಾರರ ಕಾಲಕ್ಕಷ್ಟೇ ಸೀಮಿತವಾದುದಲ್ಲ. ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ತುರುಗೋಳಿನಲ್ಲಿ ದನ ಮರಳಿಸಿ ಮಡಿದವರು, ಊರಳಿವಿನಲ್ಲಿ ಹೋರಾಡಿ ಬಿದ್ದವರು ಅವುಗಳಲ್ಲಿ ಕಾಣಬರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಕೊಂಡೊಯ್ಯುವ ದೇವಕನ್ಯೆಯರು, ಮೇಲೆ ಶಿವಸನ್ನಿಧಿ. ಊರನ್ನು ಕಾಯುವುದು ಒಂದು ವ್ರತವೆಂದು ತಿಳಿದ ಜನ ಕಡೆದ ಕಲ್ಲುಗಳಿವು. ಆ ವ್ರತಕ್ಕೆ ಬೆಂಬಲವಾಗಿ ನಿಂತದ್ದೇ ಊರಿನ ಸುತ್ತಣ ಮಣ್ಣಿನ ಗೋಡೆ.

ಈ ಪ್ರದೇಶದ ಹೆಸರುಗಳಲ್ಲಿಯೇ ಕೋಟೆ ಉಳಿದಿದೆ. ಜಗಳೂರು ತಾಲ್ಲೂಕಿನಲ್ಲಿ ಬಸವನಕೋಟೆಯಿದೆ, ಗುತ್ತಿದುರ್ಗವಿದೆ, ಇಂದು ಕೊಂಡುಕುರಿಗಳ ವನ್ಯಧಾಮವಾಗಿರುವ ರಂಗಯ್ಯನದುರ್ಗವಿದೆ. ತಾಲ್ಲೂಕಿಗೆ ಜಗಳೂರೆಂಬ ಹೆಸರು ಬರುವ ಮೊದಲು ಕನಕುಪ್ಪೆ ತಾಲ್ಲೂಕೆಂಬ ಹೆಸರೇ ಇತ್ತು. ಲೂಯಿ ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರ್ ಹೊರಬಂದ 1870ರ ದಶಕದಲ್ಲಿಯೂ ಸರ್ಕಾರಿ ಕಾಗದಗಳಲ್ಲಿ ಅದೇ ಬಳಕೆಯಲ್ಲಿತ್ತು. ಬಹುಕಾಲ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಆಡಳಿತದ ಗಡಿಗಳು ಹೀಗೆ ಬದಲಾಗುತ್ತ ಬಂದರೂ ಜನರ ಬಾಯಲ್ಲಿ ಅಗಸೆ, ಕೋಟೆಬಾಗಿಲು, ಕಂದಕ, ಹುಡೇವು ಎಂಬ ಮಾತುಗಳು ಅಳಿದಿಲ್ಲ.

ಕೋಟೆಯ ಕಟ್ಟೋಣ

ಊರಿನ ಕೋಟೆಯನ್ನು ಕಟ್ಟುತ್ತಿದ್ದ ಕ್ರಮ ಸರಳವಾದುದು, ಆದರೆ ಅನುಭವದಿಂದ ಹದಗೊಂಡದ್ದು. ಮೊದಲು ಊರ ಸುತ್ತ ಕಂದಕದ ಗೆರೆ. ಅಗೆದ ಮಣ್ಣು ಒಳಬದಿಗೆ ಬಿದ್ದು ಒಡ್ಡಾಗುತ್ತದೆ. ಹೊರಗೆ ಕಂದಕ ಆಳವಾದಷ್ಟೂ ಒಳಗೆ ಗೋಡೆ ಎತ್ತರವಾಗುತ್ತದೆ. ಒಂದೇ ಗುದ್ದಲಿಯ ಪೆಟ್ಟಿಗೆ ಎರಡು ಫಲ. ಕಲ್ಲನ್ನು ಒಡೆಯಬೇಕಾಗಿಲ್ಲ, ದೂರದಿಂದ ಸಾಗಿಸಬೇಕಾಗಿಲ್ಲ, ಸುಣ್ಣ ಬೇಯಿಸಬೇಕಾಗಿಲ್ಲ.

ಎಲ್ಲ ಮಣ್ಣೂ ಕೋಟೆಗೆ ಬಾರದು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಗೋಡೆಗೆ ಒಗ್ಗುವುದಿಲ್ಲ. ಗರಸು ಬೆರೆತ ಕೆಮ್ಮಣ್ಣು ಉತ್ತಮ. ಅದಕ್ಕೆ ಹುಲ್ಲು ಹೊಟ್ಟು ಸೇರಿಸಿ, ನೀರು ಹೊಯ್ದು, ತುಳಿದು, ಕೊಳೆಯಲು ಬಿಟ್ಟು, ಹದ ಬಂದ ಮೇಲೆ ವರಸೆ ವರಸೆಯಾಗಿ ಇಡುತ್ತಿದ್ದರು. ಒಂದು ವರಸೆ ಒಣಗದೆ ಮತ್ತೊಂದನ್ನು ಏರಿಸುವಂತಿಲ್ಲ. ಬುಡ ಅಗಲ, ತಲೆ ಕಿರಿದು. ಮೂಲೆಗಳಲ್ಲಿ ದುಂಡನೆಯ ಕೊತ್ತಲಗಳು. ಗೋಡೆಯ ಬುಡಕ್ಕೆ ಬಂದ ಶತ್ರುವನ್ನು ಪಕ್ಕದಿಂದ ಹೊಡೆಯಲು ಇವು ಅನುಕೂಲ. ಹೊರಗಡೆ ಜಾಲಿ, ಕಳ್ಳಿ, ಕತ್ತಾಳೆಗಳ ದಟ್ಟವಾದ ಬೇಲಿ. ಕುದುರೆಯ ಮೇಲೆ ಬಂದವನಿಗೆ ಗೋಡೆಗಿಂತ ಈ ಮುಳ್ಳೇ ಹೆಚ್ಚಿನ ಅಡ್ಡಿಯಾಗಿತ್ತು. ಮರಾಠಾ ದಂಡಿನ ಕುದುರೆಗಳನ್ನು ತಡೆಯಲು ಹಳ್ಳಿಗಳು ಮುಳ್ಳುಬೇಲಿಯನ್ನು ಬೆಳೆಸಿದ್ದವೆಂದು ರೈಸ್ ಸಾಹೇಬರೂ ಗುರುತಿಸಿದ್ದಾರೆ.

ಬಾಗಿಲೊಂದೇ ಕೋಟೆಯ ದುರ್ಬಲ ಸ್ಥಳ. ಆದುದರಿಂದ ಅದಕ್ಕೆ ಅತ್ಯಂತ ಬಲವಾದ ಮರ ಬೇಕು. ನಮ್ಮ ಒಣಕಾಡಿನ ಕಮರದ ಮರ ಕಬ್ಬಿಣದಷ್ಟು ಗಟ್ಟಿಯೆಂದು ಬಡಗಿಗಳು ಬಲ್ಲರು. ಇಂಥ ಮರದ ಜೋಡಿ ಕದ, ಅದಕ್ಕೆ ಕಬ್ಬಿಣದ ಪಟ್ಟಿ ಮತ್ತು ಮೊಳೆ, ಒಳಗಡೆ ಗೋಡೆಯಿಂದ ಗೋಡೆಗೆ ಸರಿಯುವ ದಪ್ಪನೆಯ ಅಗುಳಿ. ಬಾಗಿಲನ್ನು ನೇರವಾಗಿಡದೆ ದಾರಿಯನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುಗಿಸಿದರೆ ಮರದ ದಿಮ್ಮಿ ಹಿಡಿದು ಓಡಿಬಂದು ಗುದ್ದುವುದಕ್ಕೆ ಅವಕಾಶವಿರದು.

ಊರ ನಡುವೆ ಹುಡೇವು. ದುಂಡನೆಯ, ಮೇಲೇರಿದಂತೆ ಕಿರಿದಾಗುವ, ಕಲ್ಲು ಮಣ್ಣುಗಳಿಂದ ಕಟ್ಟಿದ ಎತ್ತರದ ಬುರುಜು. ನೆಲದ ಮಟ್ಟದಲ್ಲಿ ಬಾಗಿಲಿರದು. ಮೇಲಿನ ಬಾಗಿಲಿಗೆ ಮರದ ಏಣಿ. ಹೊರಗೋಡೆ ಬಿದ್ದಿತೆಂದರೆ ಹೆಂಗಸರು ಮಕ್ಕಳನ್ನು ಒಳಸೇರಿಸಿ, ಗಂಡಸರು ಮೇಲೇರಿ, ಏಣಿಯನ್ನು ಮೇಲಕ್ಕೆಳೆದುಕೊಂಡು, ಕಂಡಿಗಳಿಂದ ಕವಣೆ ಕಲ್ಲನ್ನೂ ಬಂದೂಕನ್ನೂ ಪ್ರಯೋಗಿಸುತ್ತಿದ್ದರು. ಲೂಟಿಗಾಗಿ ಬಂದ ಸವಾರರಿಗೆ ಒಂದು ಹಳ್ಳಿಯ ಮುಂದೆ ದಿನಗಟ್ಟಲೆ ಕುಳಿತಿರುವಷ್ಟು ಬಿಡುವಿರುವುದಿಲ್ಲ. ಒಂದೆರಡು ದಿನ ತಡೆದರೆ ಊರು ಉಳಿಯಿತೆಂದೇ ಅರ್ಥ. ಹುಡೇವಿನ ಯುಕ್ತಿಯೆಲ್ಲ ಈ ಒಂದೆರಡು ದಿನಗಳಲ್ಲಿದೆ. ಧಾನ್ಯವಂತೂ ನೆಲದೊಳಗಿನ ಹಗೇವುಗಳಲ್ಲಿ ಅಡಗಿರುತ್ತಿತ್ತು.

ಇಂಥದೇ ಯುಕ್ತಿ ದೂರದ ಇಂಗ್ಲೆಂಡಿನಲ್ಲಿಯೂ ಕಂಡುಬರುತ್ತದೆಂಬುದು ಕುತೂಹಲದ ಸಂಗತಿ. 1066ರಲ್ಲಿ ಆ ದ್ವೀಪವನ್ನು ಗೆದ್ದ ನಾರ್ಮನ್ನರು ಕಂದಕ ತೋಡಿ, ಮಣ್ಣಿನ ದೊಡ್ಡ ದಿಬ್ಬ ಹಾಕಿ, ಅದರ ಮೇಲೆ ಮರದ ಗೋಪುರ ನಿಲ್ಲಿಸಿ, ಕೆಳಗಿನ ಅಂಗಳಕ್ಕೆ ಮರದ ಬೇಲಿ ಸುತ್ತಿ ತ್ವರಿತವಾಗಿ ಕೋಟೆಗಳನ್ನು ಕಟ್ಟಿದರು. ಹೊರಗೊಂದು ಸುತ್ತು, ಒಳಗೊಂದು ಕೊನೆಯ ಆಸರೆ ಎಂಬ ಕ್ರಮ ಎರಡೂ ಕಡೆ ಒಂದೇ. ಆದರೆ ಒಂದು ಮುಖ್ಯ ಭೇದವುಂಟು. ಅಲ್ಲಿಯ ದಿಬ್ಬ ಹೊರಗಿನಿಂದ ಬಂದ ಪ್ರಭು ನಾಡಿನ ಜನರನ್ನು ಅಂಕೆಯಲ್ಲಿಡಲು ಕಟ್ಟಿದ್ದು. ನಮ್ಮ ಹುಡೇವು ಹೊರಗಿನಿಂದ ಬರುವವನಿಂದ ಊರು ತನ್ನನ್ನು ಕಾದುಕೊಳ್ಳಲು ಕಟ್ಟಿದ್ದು.

ಮಣ್ಣಿನ ಬಲ

ತೋಪುಗಳು ಬಂದ ಮೇಲೆ ಮಣ್ಣಿನ ಕೋಟೆ ನಿಷ್ಪ್ರಯೋಜಕವಾಯಿತೆಂದು ಹಲವರು ತಿಳಿದಿದ್ದಾರೆ. ಚರಿತ್ರೆ ಬೇರೆಯೇ ಹೇಳುತ್ತದೆ. ಗುಂಡು ತಾಗಿದಾಗ ಕಲ್ಲಿನ ಗೋಡೆ ಬಿರಿದು ಕುಸಿಯುತ್ತದೆ. ದಪ್ಪನೆಯ ಮಣ್ಣಿನ ಗೋಡೆ ಗುಂಡನ್ನು ನುಂಗಿಕೊಳ್ಳುತ್ತದೆ. ರಾತ್ರಿ ನಾಲ್ಕು ಬುಟ್ಟಿ ಮಣ್ಣು ಹಾಕಿದರೆ ತೂತು ಮುಚ್ಚುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಧಾರವಾಡದ ನಿದರ್ಶನವುಂಟು. ಬಹುಮಟ್ಟಿಗೆ ಮಣ್ಣಿನದೇ ಆಗಿದ್ದ ಧಾರವಾಡದ ಕೋಟೆಯನ್ನು ಟೀಪೂ ಸುಲ್ತಾನನ ಪರವಾಗಿ ಬದ್ರುಜ್ಜಮಾನ್ ಖಾನನು ಕಾಯುತ್ತಿದ್ದಾಗ, ಪರಶುರಾಮ ಭಾವೂವಿನ ಮರಾಠಾ ಸೈನ್ಯವೂ ಜೊತೆಗಿದ್ದ ಇಂಗ್ಲಿಷ್ ತುಕಡಿಯೂ 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಮುತ್ತಿಗೆ ಹಾಕಬೇಕಾಯಿತು. ಉತ್ತರದಲ್ಲಿ ಭರತಪುರದ ಮಣ್ಣಿನ ಕೋಟೆಯ ಮೇಲೆ ಜನರಲ್ ಲೇಕ್ 1805ರಲ್ಲಿ ನಾಲ್ಕು ಬಾರಿ ಏರಿಹೋಗಿ ನಾಲ್ಕು ಬಾರಿಯೂ ಹಿಮ್ಮೆಟ್ಟಿದನು. ಆ ಕೋಟೆ ಆಂಗ್ಲರ ವಶವಾದದ್ದು 1826ರಲ್ಲಿ. ನಮ್ಮ ರಾಜಧಾನಿ ಬೆಂಗಳೂರಿನ ಮೊದಲ ಕೋಟೆಯೂ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯೇ. ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಲು ತೊಡಗಿದ್ದು 1761ರಲ್ಲಿ.

ಮಣ್ಣಿನ ಕೋಟೆಯ ನಿಜವಾದ ಶತ್ರು ಮಳೆ. ಪ್ರತಿ ವರ್ಷವೂ ಮುಂಗಾರಿಗೆ ಮುನ್ನ ಗೋಡೆಯ ನೆತ್ತಿಗೆ ಮಣ್ಣು ಮೆತ್ತಬೇಕು, ಕೊರಕಲು ಮುಚ್ಚಬೇಕು, ಕಂದಕದ ಹೂಳೆತ್ತಬೇಕು. ಕಲ್ಲಿನ ಕೋಟೆಯನ್ನು ದೊರೆಯೊಬ್ಬ ಒಮ್ಮೆ ಕಟ್ಟಿಸಿ ಹೋಗಬಹುದು. ಮಣ್ಣಿನ ಕೋಟೆಯನ್ನು ಊರೇ ಸೇರಿ ವರ್ಷವರ್ಷವೂ ಕಟ್ಟುತ್ತಿರಬೇಕು. ಕೆರೆಯಂತೆಯೇ ಇದೂ ಊರೊಟ್ಟಿನ ಬಾಳಿಗೆ ಒಂದು ಅಳತೆಗೋಲು. ಊರು ಒಡೆದರೆ ಗೋಡೆಯೂ ಒಡೆಯುತ್ತಿತ್ತು.

ಗೋಡೆಯ ಒಳಗು ಹೊರಗು

ಇಷ್ಟನ್ನು ಹೇಳಿ ಸುಮ್ಮನಾದರೆ ಅರ್ಧ ಚರಿತ್ರೆಯನ್ನಷ್ಟೇ ಹೇಳಿದಂತಾಗುತ್ತದೆ. ಆ ಮಣ್ಣನ್ನು ಅಗೆದವರು ಯಾರು, ಹೊತ್ತವರು ಯಾರು ಎಂದು ಕೇಳಿಕೊಳ್ಳಬೇಕು. ಕೂಲಿ ಕೊಟ್ಟು ಮಾಡಿಸಿದ ಕೆಲಸವೂ ಇದ್ದೀತು. ಆದರೆ ಹಿಂದಿನ ಕಾಲದಲ್ಲಿ ಕೋಟೆ ಕೆರೆಗಳ ಕೆಲಸದ ಬಹುಭಾಗ ನಡೆಯುತ್ತಿದ್ದುದು ಬಿಟ್ಟಿಯಿಂದ. ಬಿಟ್ಟಿಯ ಹೊರೆ ಹೆಚ್ಚಾಗಿ ಬಿದ್ದದ್ದು ಊರಿನ ಕೆಳಗಿನವರೆನಿಸಿಕೊಂಡವರ ಹೆಗಲ ಮೇಲೆ. ಕೇರಿಗಳಾದರೋ ಸಾಮಾನ್ಯವಾಗಿ ಊರಬೇಲಿಯ ಹೊರಗೆ ಇದ್ದವು. ಎಂದರೆ, ಗೋಡೆ ಕಟ್ಟಿದ ಕೈಗಳಿಗೆ ಗೋಡೆಯ ಒಳಗೆ ಮನೆಯಿರಲಿಲ್ಲ. ದಂಡು ಬಂದ ದಿನ ಮೊದಲು ಅದರ ಎದುರಿಗೆ ಸಿಕ್ಕವರೂ ಅವರೇ. ರಾತ್ರಿ ಬಾಗಿಲು ಕಾದ ತಳವಾರನನ್ನೂ ಸುದ್ದಿ ತಂದ ತೋಟಿಯನ್ನೂ ಊರು ತನ್ನ ರಕ್ಷಣೆಗೆ ನೆಚ್ಚಿತ್ತು. ಸಮಾನರೆಂದು ಕೂರಿಸಿಕೊಳ್ಳಲು ಮಾತ್ರ ಹಿಂಜರಿದಿತ್ತು.

ಹನ್ನೆರಡನೆಯ ಶತಮಾನದಲ್ಲಿ ಶರಣರು ಒಡೆಯಲು ಹೊರಟದ್ದು ಈ ಒಳಗು ಹೊರಗುಗಳ ಗೋಡೆಯನ್ನೇ. ಮಣ್ಣಿನ ಗೋಡೆ ಮಳೆಗೆ ಕರಗಿ ಹೋದರೂ ಆ ಇನ್ನೊಂದು ಗೋಡೆ ಎಷ್ಟು ಊರುಗಳಲ್ಲಿ ಇನ್ನೂ ನಿಂತಿದೆಯೆಂಬುದನ್ನು ಭಕ್ತಬಾಂಧವರು ತಮ್ಮ ತಮ್ಮ ಊರಿನಲ್ಲಿ ನೋಡಿಕೊಳ್ಳುವುದು ಲೇಸು. ಕೋಟೆಯನ್ನು ಕೊಂಡಾಡುವಾಗ ಅದನ್ನು ಹೊತ್ತವರನ್ನು ಮರೆತರೆ ಅದು ಚರಿತ್ರೆಯೆನಿಸದು.

ಕೋಟೆ ಕರಗಿದ ಬಗೆ

1779ರಲ್ಲಿ ಚಿತ್ರದುರ್ಗ ಹೈದರನ ವಶವಾಯಿತು. 1799ರಲ್ಲಿ ಟೀಪೂ ಮಡಿದನು. ಮರುವರ್ಷ ಹರಪನಹಳ್ಳಿ ಬಳ್ಳಾರಿಗಳ ಕಡೆಯ ಸೀಮೆ ಕಂಪನಿ ಸರ್ಕಾರಕ್ಕೆ ಸೇರಿ, ಕಲೆಕ್ಟರ್ ಥಾಮಸ್ ಮನ್ರೋ ಅಲ್ಲಿಯ ಪಾಳೆಯಗಾರರನ್ನು ಅಡಗಿಸಿದನು. ಜಗಳೂರಿನ ಕಡೆ ಮೈಸೂರಿನಲ್ಲಿ ಉಳಿಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಹರಿಹರ, ದಾವಣಗೆರೆ, ಚಿತ್ರದುರ್ಗಗಳ ಮಾರ್ಗವಾಗಿ ಸಂಚರಿಸಿದಾಗ ನಾಡು ಯುದ್ಧದ ಗಾಯಗಳಿಂದ ಆಗತಾನೇ ಚೇತರಿಸಿಕೊಳ್ಳುತ್ತಿತ್ತು. 1818ರ ಹೊತ್ತಿಗೆ ಪಿಂಡಾರಿಗಳ ಹಾವಳಿಯೂ ಅಡಗಿತು. ಆ ಬಳಿಕ ಗೋಡೆಗೆ ಮಣ್ಣು ಮೆತ್ತುವ ಅಗತ್ಯ ಯಾರಿಗೂ ಕಾಣಲಿಲ್ಲ.

ಮೊದಲು ಹೋದದ್ದು ಮರ. ಕದಗಳು ಗೆದ್ದಲಿಗೆ ಆಹುತಿಯಾದವು ಇಲ್ಲವೆ ಯಾರದೋ ಮನೆಯ ತೊಲೆಯಾದವು. ಮೇಲಿನ ಹೊದಿಕೆ ಹೋದ ಮೇಲೆ ಮಳೆನೀರು ಗೋಡೆಯ ನೆತ್ತಿಗಿಳಿಯಿತು. ಹಳೆಯ ಗೋಡೆಯ ಮಣ್ಣಿನಲ್ಲಿ ಉಪ್ಪಿನ ಸಾರವಿರುವುದರಿಂದ ಅದು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ರೈತ ಬಲ್ಲ. ಗಾಡಿ ಗಾಡಿ ಹೊತ್ತು ಹೊಲಕ್ಕೆ ಚೆಲ್ಲಿದ. ಇಂಥ ಮಣ್ಣಿನಿಂದಲೇ ಹಿಂದೆ ಪೆಟ್ಲುಪ್ಪನ್ನು ತೆಗೆದು ಮದ್ದಿನ ತಯಾರಿಕೆಗೆ ಬಳಸುತ್ತಿದ್ದರು. ಕಂದಕ ತುಂಬಿ ಹಿತ್ತಿಲಾಯಿತು, ತಿಪ್ಪೆಯಾಯಿತು, ರಸ್ತೆಯಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಹೊಲದಿಂದ ಬಂದ ಮಣ್ಣು ಹೊಲಕ್ಕೇ ಮರಳಿತು. ಆದರೆ ಎರಡು ನೂರು ವರ್ಷ ನಿಧಾನವಾಗಿ ನಡೆದ ಈ ಕೆಲಸವನ್ನು ಇಂದು ಜೆಸಿಬಿ ಯಂತ್ರ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಭೇದವಿರುವುದು ಇಲ್ಲಿಯೇ. ನಿಧಾನವಾಗಿ ಕರಗಿದ ಕೋಟೆ ನೆಲದಲ್ಲಿ ತನ್ನ ಗುರುತನ್ನು ಬಿಡುತ್ತದೆ. ಯಂತ್ರದಿಂದ ಸಮಮಾಡಿದ ಕೋಟೆ ಗುರುತನ್ನೂ ಬಿಡುವುದಿಲ್ಲ.

ಮಣ್ಣನ್ನು ಓದುವ ವಿದ್ಯೆ

ಆ ಗುರುತುಗಳಿಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಬ್ರಿಟನ್ನಿನ ವೇಲ್ಸ್ ಗಡಿಯಲ್ಲಿ ‘ಹೆನ್ ಡೊಮೆನ್’ ಎಂಬ ಸ್ಥಳವಿದೆ. ಅಲ್ಲಿಯ ಭಾಷೆಯಲ್ಲಿ ಹಾಗೆಂದರೆ ಹಳೆಯ ದಿಬ್ಬವೆಂದರ್ಥ. ಹನ್ನೊಂದನೆಯ ಶತಮಾನದ ಆ ಮಣ್ಣು ಮರಗಳ ಕೋಟೆಯಲ್ಲಿ ಕಣ್ಣಿಗೆ ಕಾಣುವಂಥದು ಒಂದು ದಿಬ್ಬ, ಒಂದು ಕಂದಕ, ಅಷ್ಟೇ. 1960ರಿಂದ ಮೊದಲುಗೊಂಡು ಮೂರು ದಶಕಗಳ ಕಾಲ ಫಿಲಿಪ್ ಬಾರ್ಕರ್ ಮತ್ತು ಅವರ ಸಂಗಡಿಗರು ಅಂಗುಲ ಅಂಗುಲವಾಗಿ ಅದನ್ನು ಅಗೆದರು. ಕಂಬಗಳು ಕೊಳೆತು ಹೋಗಿದ್ದರೂ ಕಂಬ ನೆಟ್ಟ ಕುಳಿಯ ಮಣ್ಣಿನ ಬಣ್ಣ ಬೇರೆಯಾಗಿ ಉಳಿದಿತ್ತು. ಆ ಬಣ್ಣದ ಭೇದದಿಂದಲೇ ಬೇಲಿ, ಮನೆ, ಗೋಪುರಗಳ ನಕ್ಷೆಯನ್ನು ಅವರು ತೆಗೆದರು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಳ್ಳಾರಿ ರಾಯಚೂರು ಸೀಮೆಗಳ ಬೂದಿದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿಯೆಂದು ನಂಬಿದ್ದರು. ರಾಯಚೂರಿಗೆ ಸಮೀಪದ, ತೆಲಂಗಾಣಕ್ಕೆ ಸೇರಿದ ಉತ್ನೂರಿನ ದಿಬ್ಬವನ್ನು 1957ರಲ್ಲಿ ಆಲ್ಚಿನ್ ಅಗೆದಾಗ ಸಾಲು ಸಾಲಾಗಿ ಮರದ ಕಂಬಗಳ ಕುಳಿಗಳು ಕಂಡವು. ಅದು ನವಶಿಲಾಯುಗದ ದನಗಾಹಿಗಳ ಕೊಟ್ಟಿಗೆಯ ಬೇಲಿಯೆಂದೂ, ಬೂದಿ ಸಗಣಿಯದೆಂದೂ ತಿಳಿಯಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಬೇಲಿಯನ್ನು ಮಣ್ಣು ನೆನಪಿಟ್ಟುಕೊಂಡಿದೆಯೆಂದಾದರೆ, ಮುನ್ನೂರು ವರ್ಷಗಳ ಹಿಂದಿನ ನಮ್ಮ ಊರಬಾಗಿಲನ್ನು ಮರೆತೀತೆ?

ನಮ್ಮ ಕರ್ತವ್ಯ

ಸಂರಕ್ಷಿತ ಸ್ಮಾರಕಗಳೆಂದು ಸರ್ಕಾರದ ಪಟ್ಟಿಗೆ ಸೇರುವವು ಸಾಮಾನ್ಯವಾಗಿ ಕಲ್ಲಿನ ಗುಡಿ ಗೋಪುರಗಳು. ಊರಂಚಿನ ಮಣ್ಣಿನ ದಿಣ್ಣೆಯನ್ನು ಸ್ಮಾರಕವೆಂದು ಗುರುತಿಸುವವರು ವಿರಳ. ಎಲ್ಲ ಹಾಳುಗೋಡೆಗಳನ್ನೂ ಉಳಿಸುವುದು ಸಾಧ್ಯವೂ ಅಲ್ಲ, ಬೆಳೆಯುತ್ತಿರುವ ಊರಿಗೆ ಉಚಿತವೂ ಅಲ್ಲ. ಆದರೆ ಅಳಿಯುವ ಮುನ್ನ ಬರೆದಿಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಮಠದ ಆಶ್ರಯದಲ್ಲಿ ಓದಿ ಊರೂರಿನಲ್ಲಿ ಅಧ್ಯಾಪಕರಾಗಿ, ಅಧಿಕಾರಿಗಳಾಗಿ, ಕೃಷಿಕರಾಗಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಈ ಕೆಲಸ ಸುಲಭವಾಗಿ ಆಗುತ್ತದೆ. ತಮ್ಮ ಊರಿನ ಹಿರಿಯರೊಡನೆ ಒಂದು ದಿನ ಕೋಟೆಯ ಜಾಡಿನಲ್ಲಿ ನಡೆದು ಬರಬೇಕು. ಅಗಸೆ ಎಲ್ಲಿತ್ತು, ದಿಡ್ಡಿಬಾಗಿಲು ಎಲ್ಲಿತ್ತು, ಕಂದಕ ಯಾವ ಬೀದಿಯಾಯಿತು, ಕದದ ಕುಳಿಯಿರುವ ಕಲ್ಲು ಈಗ ಯಾವ ಕಟ್ಟೆಗೆ ಸೇರಿದೆ ಎಂಬುದನ್ನು ಕೇಳಿ, ಹಗ್ಗ ಹಿಡಿದು ಅಳೆದು, ಒಂದು ನಕ್ಷೆ ತೆಗೆದಿಡಬೇಕು. ಕೇರಿಯ ಹಿರಿಯರನ್ನು ಕೇಳದೆ ಬಂದರೆ ಆ ನಕ್ಷೆ ಪೂರ್ಣವಾಗದು. ಗೋಡೆಯ ಹೊರಗಿನ ನೆನಪು ಅವರಲ್ಲಿದೆ. ನಕ್ಷೆಯ ಒಂದು ಪ್ರತಿಯನ್ನು ಊರಿನ ಶಾಲೆಯಲ್ಲಿಯೂ ಒಂದನ್ನು ಹತ್ತಿರದ ಕಾಲೇಜಿನ ಗ್ರಂಥಾಲಯದಲ್ಲಿಯೂ ಇರಿಸಿದರೆ ಮುಂದಿನ ಸಂಶೋಧಕರಿಗೆ ಅದೇ ಆಧಾರ.

ಕಲ್ಲಿನ ಕೋಟೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಮಣ್ಣಿನ ಕೋಟೆಯ ಕಥೆಯನ್ನು ಊರಿನವರೇ ಹೇಳಬೇಕು. ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮ ಪೀಳಿಗೆಗೆ ಬಿದ್ದಿರುವ ಹೊಣೆ.